ಅಳಿದುಹೋದ ಹಿರಿಯರು

ದೇವದುರ್ಗದಿಂದ ಸುರಪುರಕ್ಕೆ ಹೋಗುವ ದಾರಿ ತಿಂಥಣಿಯ ಬಳಿ ಕೃಷ್ಣಾ ನದಿಯನ್ನು ದಾಟುತ್ತದೆ. ನದಿಯ ಈಚೆಗೆ ರಾಯಚೂರು ಸೀಮೆ, ಆಚೆಗೆ ಸುರಪುರ ಸೀಮೆ. ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ನೋಟ: ಕರಿಯ ಎರೆಭೂಮಿ, ನಡುನಡುವೆ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಬಂಡೆಗಲ್ಲುಗಳ ಗುಡ್ಡಗಳು, ಬೇಸಿಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ಉಕ್ಕುವ ಹಳ್ಳಗಳು. ಜೋಳ, ತೊಗರಿ, ಹತ್ತಿ ಬೆಳೆಯುವ ಒಕ್ಕಲುಮಕ್ಕಳು ಇಲ್ಲಿ ನೆಲೆ ನಿಲ್ಲುವುದಕ್ಕೆ ಎಷ್ಟೋ ಮೊದಲು, ಊರು, ಬೇಸಾಯ, ಮಡಕೆ, ಲೋಹ ಇವು ಯಾವುವೂ ಇಲ್ಲದ ಕಾಲದಲ್ಲಿ, ಈ ನದಿಯ ಸೀಮೆಯಲ್ಲಿ ಒಂದು ಬಗೆಯ ಮಾನವರು ಬಹುಕಾಲ ಬಾಳಿದ್ದರು. ಇಂದು ಅವರು ಎಲ್ಲಿಯೂ ಇಲ್ಲ. ಅವರು ಯಾರು? ಹೇಗೆ ಬದುಕಿದರು? ಹೇಗೆ ಅಳಿದರು?

ಅಳಿದುಹೋದ ಜನರ ಮಾತು ನಮ್ಮ ನಾಡಿನಲ್ಲಿ ಕಥೆಯ ರೂಪದಲ್ಲಿಯೂ ಉಂಟು. ಗಂಗಾವತಿಯ ಸಮೀಪದ ಹಿರೇಬೆಣಕಲ್ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಕಟ್ಟಡಗಳಿವೆ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಈ ಸ್ಥಳ ಈಗ ಕೊಪ್ಪಳ ಜಿಲ್ಲೆಗೆ ಸೇರಿದೆ. ಜನರು ಇವುಗಳನ್ನು ‘ಮೋರ್ಯರ ಮನೆ’ ಎಂದು ಕರೆಯುತ್ತಾರೆ. ಮೋರ್ಯರು ಕುಳ್ಳರು, ಆದರೆ ಮಹಾಬಲರು. ಬೆಂಕಿಯ ಮಳೆ ಸುರಿದು ಅವರೆಲ್ಲರೂ ನಾಶವಾದರು ಎಂಬುದು ಕಥೆ. ವಿದ್ವಾಂಸರ ಶೋಧನೆ ಬೇರೆ ಮಾತನ್ನು ಹೇಳುತ್ತದೆ. ಈ ಕಟ್ಟಡಗಳು ಕಬ್ಬಿಣದ ಬಳಕೆ ಬಂದ ಕಾಲದ ಸಮಾಧಿಗಳು ಮತ್ತು ಸ್ಮಾರಕಗಳು. ಅವುಗಳ ವಯಸ್ಸು ಎರಡರಿಂದ ಮೂರು ಸಾವಿರ ವರ್ಷ. ಕಟ್ಟಿದವರು ಕುಳ್ಳರಲ್ಲ, ನಮ್ಮಂತಹ ಜನರೇ.

ಆದರೂ ಆ ಕಥೆಯಲ್ಲಿ ಎರಡು ಕಲ್ಪನೆಗಳು ಅಡಗಿವೆ. ನಮಗಿಂತ ಮೊದಲು ನಮ್ಮಿಂದ ಬೇರೆಯಾದ ಒಂದು ಮಾನವಕುಲ ಇಲ್ಲಿತ್ತು ಎಂಬುದು ಒಂದು. ಆ ಕುಲ ಯಾವುದೋ ಒಂದು ಮಹಾವಿಪತ್ತಿನಲ್ಲಿ ಒಮ್ಮೆಗೇ ನಾಶವಾಯಿತು ಎಂಬುದು ಇನ್ನೊಂದು. ಮೊದಲನೆಯದು ನಿಜ, ಆದರೆ ಕಥೆ ಊಹಿಸಿದ್ದಕ್ಕಿಂತ ಅದು ಎಷ್ಟೋ ಪಟ್ಟು ಹಳೆಯ ಸಂಗತಿ. ಎರಡನೆಯದನ್ನು ಪರೀಕ್ಷಿಸಿ ನೋಡಬೇಕಾಗಿದೆ.

ಭಾರತದಲ್ಲಿ ಕಲ್ಲಿನ ಆಯುಧಗಳು ವಿದ್ಯಾವಂತರ ಗಮನಕ್ಕೆ ಬಂದ ಚರಿತ್ರೆಯಲ್ಲಿ ರಾಯಚೂರು ಸೀಮೆಗೆ ಮೊದಲ ಸಾಲಿನ ಸ್ಥಾನವಿದೆ. 1842ರಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಎಂಬುವರು ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಒಂದು ಕಲ್ಲನ್ನು ಎತ್ತಿಕೊಂಡು, ಅದು ಮನುಷ್ಯನ ಕೈಯಿಂದ ರೂಪುಗೊಂಡ ಬಹು ಪುರಾತನ ಆಯುಧವೆಂದು ಗುರುತಿಸಿದರು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಆರಂಭವಾದದ್ದು ಅಂದಿನಿಂದ. ಮುಂದೆ ಕೃಷ್ಣೆಯ ಆಚೆದಡದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಶೋಧಿಸಿದರು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಈ ಕಣಿವೆಗಳ ವಿಸ್ತಾರ ಸುಮಾರು 500 ಚದರ ಕಿಲೋಮೀಟರು. ಅಷ್ಟರಲ್ಲಿಯೇ ಹಳೆಯ ಶಿಲಾಯುಗದ ಸುಮಾರು 200 ನೆಲೆಗಳು ದೊರೆತವು.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಹುಣಸಗಿಗೆ ಸಮೀಪದ ಇಸಾಂಪುರ. 1983ರಲ್ಲಿ ಪತ್ತೆಯಾದ ಈ ನೆಲೆಯಲ್ಲಿ 1997ರಿಂದ ಕೆಲವು ವರ್ಷ ಉತ್ಖನನ ನಡೆಯಿತು. ಅಲ್ಲಿ ನೆಲದಡಿಯಲ್ಲಿ ಸುಣ್ಣದಕಲ್ಲಿನ ಹಾಸು ಸಹಜವಾಗಿಯೇ ಬಿರಿದು ಚಪ್ಪಟೆ ತುಂಡುಗಳಾಗಿ ಹರಡಿಕೊಂಡಿತ್ತು. ಹತ್ತಿರದಲ್ಲಿಯೇ ನೀರಿನ ಆಸರೆಯಿತ್ತು. ಕಲ್ಲೂ ನೀರೂ ಒಂದೆಡೆ ದೊರೆಯುವ ಈ ತಾವನ್ನು ಅಂದಿನ ಮಾನವರು ಆಯುಧಗಳ ಕಾರ್ಖಾನೆಯಾಗಿ ಮಾಡಿಕೊಂಡಿದ್ದರು. ಉತ್ಖನನದಲ್ಲಿ 10,000ಕ್ಕೂ ಹೆಚ್ಚು ಕಲ್ಲಿನ ವಸ್ತುಗಳು ಸಿಕ್ಕಿದವು: ಪೂರ್ಣಗೊಂಡ ಆಯುಧಗಳು, ಅರ್ಧಕ್ಕೆ ಕೈಬಿಟ್ಟವು, ಒಡೆದು ಎಸೆದ ಚಕ್ಕೆಗಳು, ಒಡೆಯಲು ಬಳಸಿದ ಗುಂಡುಕಲ್ಲುಗಳು.

ಆಯುಧವನ್ನು ಮಾಡುವ ಬಗೆ ನೋಡಲು ಸುಲಭ, ಮಾಡಲು ಕಷ್ಟ. ತಕ್ಕ ತುಂಡನ್ನು ಆರಿಸಿ ಮೇಲೆಬ್ಬಿಸಬೇಕು. ಸುಣ್ಣದಕಲ್ಲಿಗಿಂತ ಗಟ್ಟಿಯಾದ ಬೇರೆ ಜಾತಿಯ ಗುಂಡುಕಲ್ಲನ್ನು ಕಣಿವೆಯ ಬೇರೆ ಕಡೆಯಿಂದ ಮೊದಲೇ ತಂದಿಟ್ಟುಕೊಂಡಿರಬೇಕು. ಅದರಿಂದ ತುಂಡಿನ ಅಂಚಿಗೆ ಸರಿಯಾದ ಕೋನದಲ್ಲಿ ಪೆಟ್ಟು ಹಾಕಿ, ಎರಡು ಮುಖಗಳಿಂದಲೂ ಚಕ್ಕೆ ಎಬ್ಬಿಸುತ್ತ ಬರಬೇಕು. ಹಾಗೆ ಮಾಡಿದರೆ ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಅಂಗೈಗೆ ಒಗ್ಗುವಂತೆ ದುಂಡಾಗಿರುವ ಕೈಗೊಡಲಿ ಸಿದ್ಧವಾಗುತ್ತದೆ. ಒಂದು ಪೆಟ್ಟು ತಪ್ಪಿದರೆ ಕಲ್ಲು ನಡುವೆಯೇ ಮುರಿಯುತ್ತದೆ. ಇಸಾಂಪುರದಲ್ಲಿ ಹೀಗೆ ಕೆಟ್ಟುಹೋದವೂ ಉಂಟು. ಕಲ್ಲನ್ನು ಮುಟ್ಟುವ ಮೊದಲೇ ಅದರೊಳಗಿನ ರೂಪವನ್ನು ಮನಸ್ಸಿನಲ್ಲಿ ಕಾಣಬಲ್ಲವನಿಗೆ ಮಾತ್ರ ಈ ಕೆಲಸ ಸಾಧ್ಯ. ಈ ವಿದ್ಯೆಯನ್ನು ಹಿರಿಯರು ಕಿರಿಯರಿಗೆ ಕಲಿಸಿದರು. ಇಲ್ಲವಾದರೆ ಸಾವಿರಾರು ತಲೆಮಾರುಗಳವರೆಗೆ ಅದು ಉಳಿಯುತ್ತಿರಲಿಲ್ಲ.

ಅವರ ಬಾಳುವೆಯ ಬಗೆಯನ್ನೂ ಪದ್ದಯ್ಯನವರು ಊಹಿಸಿದ್ದಾರೆ. ಬೇಸಿಗೆಯಲ್ಲಿ ಎಲ್ಲೆಡೆ ನೀರು ಬತ್ತಿದಾಗ ಸದಾ ನೀರಿರುವ ಹಳ್ಳ ಮತ್ತು ಸೆಲೆಗಳ ಬಳಿ ಗುಂಪುಗಳು ಒಟ್ಟುಗೂಡುತ್ತಿದ್ದವು. ನೀರಿಗೆ ಬರುವ ದೊಡ್ಡ ಪ್ರಾಣಿಗಳ ಬೇಟೆಗೂ ಅದೇ ತಕ್ಕ ಕಾಲ. ಮಳೆ ಬಿದ್ದು ಕಣಿವೆಯಲ್ಲೆಲ್ಲ ನೀರು ನಿಂತಾಗ ಅವರು ಸಣ್ಣ ಸಣ್ಣ ತಂಡಗಳಾಗಿ ಚದುರಿ, ಹಣ್ಣು, ಗೆಡ್ಡೆ, ಬೀಜ, ಸಣ್ಣ ಪ್ರಾಣಿಗಳಿಂದ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು. ಕಣಿವೆಗಳಲ್ಲಿ ಕಾಡುದನ, ಕುದುರೆ, ಆನೆ ಇವುಗಳ ಜಾತಿಗೆ ಸೇರಿದ ಪ್ರಾಣಿಗಳ ಪಳೆಯುಳಿಕೆಗಳು ಸಿಕ್ಕಿರುವುದರಿಂದ, ಅಂದಿನ ಕಣಿವೆ ಇಂದಿನಂತೆ ಬಯಲಾಗಿರದೆ ಹುಲ್ಲುಗಾವಲು ಮತ್ತು ಮರಗಳಿಂದ ಕೂಡಿತ್ತೆಂದು ತಿಳಿಯಬಹುದು.

ಇದೆಲ್ಲ ಯಾವ ಕಾಲದ್ದು? ಕಲ್ಲಿನ ಮೇಲೆ ಕಾಲ ಬರೆದಿರುವುದಿಲ್ಲ. ಆದರೆ ಆಯುಧಗಳ ಜೊತೆಯಲ್ಲಿಯೇ ಕಾಡುದನದ ಜಾತಿಯ ಹಲ್ಲುಗಳು ದೊರೆತಿದ್ದವು. ಮಣ್ಣಿನಲ್ಲಿ ಹೂತ ಹಲ್ಲಿನ ಗಟ್ಟಿ ಹೊದಿಕೆಯು ಸುತ್ತಲಿನ ವಿಕಿರಣದ ಪರಿಣಾಮವನ್ನು ವರ್ಷವರ್ಷವೂ ಕಿಂಚಿತ್ತಾಗಿ ಕೂಡಿಟ್ಟುಕೊಳ್ಳುತ್ತದೆ. ಆ ಸಂಗ್ರಹವನ್ನು ಅಳೆದರೆ ಹಲ್ಲು ಎಷ್ಟು ಕಾಲ ನೆಲದಲ್ಲಿತ್ತೆಂಬುದನ್ನು ಲೆಕ್ಕ ಹಾಕಬಹುದು. ಹೀಗೆ ಅಳೆದಾಗ ಇಸಾಂಪುರದ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ತಿಳಿದುಬಂದಿತು. ಇದೇ ಕಣಿವೆಗಳ ಬೇರೆ ನೆಲೆಗಳು ಸುಮಾರು 3 ಲಕ್ಷ ವರ್ಷಗಳಷ್ಟು ಈಚಿನವು. ಅಂದರೆ, ಒಂದೇ ಬಗೆಯ ಆಯುಧವಿದ್ಯೆ ಇಲ್ಲಿ ಎಂಟೊಂಬತ್ತು ಲಕ್ಷ ವರ್ಷಗಳಷ್ಟು ದೀರ್ಘಕಾಲ ಬಳಕೆಯಲ್ಲಿತ್ತು.

ಇಷ್ಟು ದೊಡ್ಡ ಸಂಖ್ಯೆಯನ್ನು ಮನಸ್ಸು ಸುಲಭವಾಗಿ ಹಿಡಿಯಲಾರದು. ಗೇಣಿನಿಂದ ಅಳೆದು ನೋಡೋಣ. ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಮಸ್ಕಿಯ ಶಾಸನ ಇದೇ ರಾಯಚೂರು ಜಿಲ್ಲೆಯಲ್ಲಿದೆ. ಅದನ್ನು ಕಡೆದು ಸುಮಾರು 2,300 ವರ್ಷಗಳಾದವು. ಅಶೋಕನಿಂದ ಇಂದಿನವರೆಗಿನ ಈ ಕಾಲವನ್ನು ಒಂದು ಗೇಣು ಎಂದು ಇಟ್ಟುಕೊಂಡರೆ, ನಮ್ಮಂತಹ ಮಾನವರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 130 ಗೇಣು. ಇಸಾಂಪುರದಲ್ಲಿ ಕಲ್ಲು ಒಡೆದವರ ಕಾಲ 500 ಗೇಣಿಗೂ ದೂರ. ಸಾಮ್ರಾಜ್ಯಗಳು, ಕೋಟೆಗಳು, ಮತಗಳು, ಕಾವ್ಯಗಳು ಎಂದು ನಾವು ಓದುವ ಚರಿತ್ರೆಯ ಬಹುಭಾಗ ಆ ಮೊದಲ ಗೇಣಿನೊಳಗೇ ಮುಗಿದುಹೋಗುತ್ತದೆ.

ಈ ಜನರ ಆಯುಧಗಳು ಸಾವಿರ ಸಾವಿರವಾಗಿ ದೊರೆತರೂ ಕಣಿವೆಯಲ್ಲಿ ಅವರ ಒಂದು ಮೂಳೆಯೂ ಸಿಕ್ಕಿಲ್ಲ. ಇಡೀ ಭಾರತದಲ್ಲಿಯೇ ಇಂತಹ ಪುರಾತನ ಮಾನವರ ಉಳಿಕೆಗಳು ಅತ್ಯಲ್ಪ. 1982ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಹಥನೋರಾ ಎಂಬಲ್ಲಿ, ನರ್ಮದೆಯ ದಂಡೆಯ ಮೇಲೆ, ಭೂವಿಜ್ಞಾನಿ ಅರುಣ್ ಸೋನಕಿಯಾ ಅವರು ತಲೆಬುರುಡೆಯ ಒಂದು ಭಾಗವನ್ನು ಕಂಡರು. ಅದು ಯಾವ ಪ್ರಭೇದದ್ದೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಬೇರೆ ದೇಶಗಳಲ್ಲಿ ದೊರೆತ ಉಳಿಕೆಗಳಿಂದ ಅಂದಿನ ಮಾನವರ ರೂಪ ತಿಳಿಯುತ್ತದೆ. 1891ರಲ್ಲಿ ಜಾವಾ ದ್ವೀಪದಲ್ಲಿ ಯೂಜೀನ್ ದುಬ್ವಾ ಕಂಡ ಮಾನವನಿಗೆ ‘ಹೋಮೋ ಇರೆಕ್ಟಸ್’, ಎಂದರೆ ನೆಟ್ಟಗೆ ನಿಂತ ಮಾನವ, ಎಂದು ಹೆಸರು. ಅವನು ನಮ್ಮಂತೆಯೇ ಎರಡು ಕಾಲುಗಳ ಮೇಲೆ ನಡೆಯುತ್ತಿದ್ದನು. ಹುಬ್ಬಿನ ಮೂಳೆ ಮುಂದೆ ಚಾಚಿತ್ತು. ಹಣೆ ಹಿಂದಕ್ಕೆ ಜಾರಿತ್ತು. ಮೆದುಳು ನಮ್ಮದಕ್ಕಿಂತ ಚಿಕ್ಕದಾಗಿತ್ತು. ಇಸಾಂಪುರದ ಕಲ್ಲುಕುಟಿಗರು ಈ ಪ್ರಭೇದದವರು ಅಥವಾ ಇದರ ಹತ್ತಿರದ ಬಂಧುಗಳು ಆಗಿದ್ದಿರಬೇಕೆಂದು ಬಹುಮಂದಿ ತಜ್ಞರು ಭಾವಿಸುತ್ತಾರೆ.

ಹಾಗಾದರೆ ಅವರು ಎಲ್ಲಿ ಹೋದರು? ಬೆಂಕಿಯ ಮಳೆಯ ಕಥೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ಏಕೆಂದರೆ ಆಕಾಶದಿಂದ ಬೂದಿ ಸುರಿದ ಒಂದು ಸಂದರ್ಭ ದಕ್ಷಿಣ ಭಾರತದಲ್ಲಿ ನಿಜವಾಗಿಯೂ ಇತ್ತು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ತೋಬಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಸಮುದ್ರವನ್ನು ದಾಟಿ ಬಂದು ಭಾರತದ ಮೇಲೆ ಬಿದ್ದಿತು. ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ಜ್ವಾಲಾಪುರಂನಲ್ಲಿ ಮಳೆನೀರು ಕೊಚ್ಚಿ ತಂದು ಸೇರಿಸಿದ ಆ ಬೂದಿಯ ಪದರ ಎರಡು ಮೀಟರಿಗೂ ಹೆಚ್ಚು ದಪ್ಪವಾಗಿದೆ. ಮೋರ್ಯರ ಕಥೆಗೂ ಈ ಬೂದಿಗೂ ಸಂಬಂಧವಿಲ್ಲ. ಅಷ್ಟು ಹಿಂದಿನ ನೆನಪು ಕಥೆಯಲ್ಲಿ ಉಳಿದುಬರಲಾರದು. ಆದರೆ ‘ಒಮ್ಮೆಗೇ ನಾಶ’ ಎಂಬ ಕಲ್ಪನೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸ್ಥಳ ಮತ್ತೊಂದಿಲ್ಲ. ಬೂದಿ ಬಿದ್ದದ್ದರಿಂದ ಮಾನವರು ಅಳಿದಿದ್ದರೆ, ಪದರದ ಕೆಳಗೆ ಆಯುಧಗಳಿದ್ದು ಮೇಲೆ ಬರಿದಾಗಿರಬೇಕಿತ್ತು. ಉತ್ಖನನ ನಡೆಸಿದವರು ಕಂಡದ್ದು ಹಾಗಲ್ಲ. ಕೆಳಗೂ ಆಯುಧಗಳಿದ್ದವು, ಮೇಲೆಯೂ ಇದ್ದವು. ಎರಡೂ ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದವು. ಆ ಆಯುಧಗಳನ್ನು ಮಾಡಿದವರು ಯಾವ ಮಾನವರೆಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಅಷ್ಟು ದೊಡ್ಡ ವಿಪತ್ತಿನ ನಂತರವೂ ಅಲ್ಲಿ ಬದುಕು ಮುಂದುವರಿಯಿತೆಂಬುದನ್ನು ಆ ಕಲ್ಲುಗಳು ಹೇಳುತ್ತವೆ.

ಅಳಿವು ಬರುವುದು ಸಾಮಾನ್ಯವಾಗಿ ಸದ್ದಿಲ್ಲದೆ. ಹಿಮಯುಗದ ಚಳಿ ಹೆಚ್ಚಿದ ಕಾಲಗಳಲ್ಲಿ ನಮ್ಮ ನಾಡಿನ ಮುಂಗಾರು ದುರ್ಬಲವಾಗುತ್ತಿತ್ತು. ಬೆಚ್ಚಗಾದ ಕಾಲಗಳಲ್ಲಿ ಬಲಗೊಳ್ಳುತ್ತಿತ್ತು. ಹುಣಸಗಿ ಸೀಮೆಯಲ್ಲಿ ಸುಣ್ಣ ಕರಗಿದ ಸೆಲೆನೀರು ಹರಿದು ಗಟ್ಟಿಯಾದ ಪದರಗಳು ಕೆಲವೆಡೆ ಇವೆ. ಹಿಂದೆ ಅಲ್ಲಿ ನೀರು ಧಾರಾಳವಾಗಿ ಹರಿದಿತ್ತೆಂಬುದಕ್ಕೆ ಅವೇ ಸಾಕ್ಷಿ. ನೀರನ್ನು ನಂಬಿದ ಗುಂಪಿಗೆ ಸೆಲೆ ಬತ್ತಿದರೆ ದೂರ ಹೋಗದೆ ಗತಿಯಿಲ್ಲ. ದೂರ ಹೋದ ಗುಂಪಿಗೆ ಬೇರೆ ಗುಂಪುಗಳ ಸಂಪರ್ಕ ತಪ್ಪುತ್ತದೆ. ಸಂಪರ್ಕ ತಪ್ಪಿದ ಸಣ್ಣ ಗುಂಪಿನಲ್ಲಿ ಒಂದು ಬೇನೆ, ಒಂದು ಬರ, ಇಬ್ಬರು ತಾಯಂದಿರ ಸಾವು ಸಹ ದೊಡ್ಡ ಪೆಟ್ಟು. ಮೂವತ್ತು ಜನರ ಒಂದು ಗುಂಪನ್ನು ಕಲ್ಪಿಸಿಕೊಳ್ಳಿ. ಪ್ರತಿ ತಲೆಮಾರಿನಲ್ಲಿ ಹುಟ್ಟುವವರಿಗಿಂತ ಸಾಯುವವರು ಒಬ್ಬರು ಮಾತ್ರ ಹೆಚ್ಚು ಎಂದಿಟ್ಟುಕೊಳ್ಳಿ. ತಲೆಮಾರಿಗೆ 25 ವರ್ಷದಂತೆ 750 ವರ್ಷಗಳಲ್ಲಿ ಆ ಗುಂಪಿನಲ್ಲಿ ಯಾರೂ ಉಳಿಯುವುದಿಲ್ಲ. ಆದರೂ ತಮ್ಮ ಕುಲ ಅಳಿಯುತ್ತಿದೆಯೆಂದು ಆ ಮೂವತ್ತು ತಲೆಮಾರುಗಳಲ್ಲಿ ಯಾರೊಬ್ಬರಿಗೂ ತಿಳಿದಿರಲಾರದು. ಒಂದು ಕಣಿವೆಯಲ್ಲಿ ಹೀಗೆ ಬರಿದಾದ ನೆಲೆ, ಮತ್ತೊಂದು ಕಣಿವೆಯಲ್ಲಿ ಇನ್ನಷ್ಟು ಕಾಲ ಉಳಿದಿದ್ದಿರಬಹುದು. ಹೋಮೋ ಇರೆಕ್ಟಸ್ ಮಾನವರಲ್ಲಿ ನಮಗೆ ತಿಳಿದಿರುವ ಕೊನೆಯವರು ಜಾವಾ ದ್ವೀಪದ ಎನ್‌ಗಂಡಾಂಗ್ ಎಂಬಲ್ಲಿ ಸುಮಾರು 1,10,000 ವರ್ಷಗಳ ಹಿಂದೆ ಬಾಳಿದರು.

ಅಷ್ಟು ಹೊತ್ತಿಗೆ ಭೂಮಿಯ ಮೇಲೆ ಬೇರೆ ಮಾನವರೂ ಇದ್ದರು. ಯೂರೋಪು ಮತ್ತು ಪಶ್ಚಿಮ ಏಷ್ಯದಲ್ಲಿ ನಿಯಾಂಡರ್ತಾಲರು, ಏಷ್ಯದ ಬೇರೆ ಭಾಗಗಳಲ್ಲಿ ಡೆನಿಸೋವರು, ಆಫ್ರಿಕದಲ್ಲಿ ನಮ್ಮ ಸ್ವಂತ ಪ್ರಭೇದವಾದ ಹೋಮೋ ಸೇಪಿಯನ್ಸ್. ನಮ್ಮವರು ಆಫ್ರಿಕದಿಂದ ಹೊರಟು ಜಗತ್ತಿನ ಎಲ್ಲ ಕಡೆಗೂ ಹರಡಿದರು. ನಿಯಾಂಡರ್ತಾಲರು ಸುಮಾರು 40,000 ವರ್ಷಗಳ ಹಿಂದೆ ಕಾಣದಾದರು. ಹೊಸಬರೊಡನೆ ಪೈಪೋಟಿ, ಹವೆಯ ಏರುಪೇರು, ಸಂಖ್ಯೆಯ ಕೊರತೆ ಇವೆಲ್ಲವೂ ಅದಕ್ಕೆ ಕಾರಣಗಳೆಂದು ವಿದ್ವಾಂಸರು ಹೇಳುತ್ತಾರೆ.

ಇಲ್ಲಿ ಒಂದು ಆಶ್ಚರ್ಯದ ಸಂಗತಿಯಿದೆ. ಹಳೆಯ ಮೂಳೆಗಳಿಂದ ಆನುವಂಶಿಕ ದ್ರವ್ಯವನ್ನು ಬೇರ್ಪಡಿಸಿ ಓದುವ ವಿದ್ಯೆಯನ್ನು ಸ್ವಾಂಟೆ ಪಾಬೊ ಎಂಬ ವಿಜ್ಞಾನಿ ಬೆಳೆಸಿದರು. ಅದಕ್ಕಾಗಿ 2022ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ವಿದ್ಯೆಯಿಂದ ತಿಳಿದ ಮಾತು ಇದು: ಆಫ್ರಿಕದ ಹೊರಗಿನ ಇಂದಿನ ಜನರೆಲ್ಲರ ಆನುವಂಶಿಕ ದ್ರವ್ಯದಲ್ಲಿ ನೂರಕ್ಕೆ ಒಂದೆರಡು ಪಾಲು ನಿಯಾಂಡರ್ತಾಲರದು. ಭಾರತೀಯರೂ ಇದಕ್ಕೆ ಹೊರತಲ್ಲ. ಅಂದರೆ, ಆ ಜನ ಅಳಿದರೂ ಅವರ ರಕ್ತಸಂಬಂಧ ಪೂರ್ತಿಯಾಗಿ ಕಡಿದುಹೋಗಲಿಲ್ಲ. ಇಸಾಂಪುರದವರ ಮೂಳೆಯೇ ದೊರೆಯದಿರುವುದರಿಂದ ಅವರಿಗೂ ನಮಗೂ ಇರುವ ನಂಟನ್ನು ಹೀಗೆ ಅಳೆಯುವಂತಿಲ್ಲ. ಅವರು ನಮ್ಮ ನೇರವಾದ ಅಜ್ಜ ಮುತ್ತಜ್ಜಂದಿರಲ್ಲದೆ ದಾಯಾದಿಗಳಾಗಿರಬಹುದು. ಆದರೂ ಒಂದೇ ಮನೆತನದವರೆಂಬುದರಲ್ಲಿ ಸಂದೇಹವಿಲ್ಲ.

ಅಳಿದವರೆಲ್ಲರೂ ದಡ್ಡರು, ಉಳಿದವರೆಲ್ಲರೂ ಜಾಣರು ಎಂದು ತಿಳಿಯುವುದು ತಪ್ಪು. ಎಂಟೊಂಬತ್ತು ಲಕ್ಷ ವರ್ಷ ಒಂದೇ ಬಗೆಯ ಕೊಡಲಿಯನ್ನು ಮಾಡಿದರಲ್ಲಾ ಎಂದು ಅವರನ್ನು ಹೀಯಾಳಿಸಬಹುದು. ಆದರೆ ಅದೇ ಕೊಡಲಿಯನ್ನು ಹಿಡಿದು, ಅದೇ ಕಣಿವೆಯ ನೀರನ್ನು ಕುಡಿದು, ನಾಡನ್ನು ಬರಿದು ಮಾಡದೆ ಅಷ್ಟು ಕಾಲ ಬಾಳಿದರಲ್ಲಾ ಎಂದು ಬೆರಗಾಗಲೂಬಹುದು. ಗೇಣಿನ ಲೆಕ್ಕದಲ್ಲಿ ಅವರು ಬಾಳಿದ ಕಾಲ ನಮ್ಮ ಕಾಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟು ದೂರವನ್ನು ನಮ್ಮ ಕುಲ ಇನ್ನೂ ನಡೆಯಬೇಕಾಗಿದೆ.

ಆ ಜನರನ್ನು ಕುರಿತು ಸಾಕ್ಷಿ ಹೇಳಲು ಈ ಸೀಮೆಯಲ್ಲಿ ಉಳಿದಿರುವುದು ಕಲ್ಲುಗಳು ಮಾತ್ರ. ಆ ಕಲ್ಲುಗಳಿಗೂ ಈಗ ಅಳಿವು ಒದಗಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಕಾಲುವೆಗಳು ಹರಿದು ಕೃಷ್ಣೆಯ ಎರಡು ದಡಗಳ ಬಯಲುಗಳಿಗೂ ನೀರು ಬಂದಿದೆ. ಬರಗಾಲಕ್ಕೆ ಬೆದರಿದ ನಾಡಿಗೆ ಇದು ದೊಡ್ಡ ಭಾಗ್ಯ. ಅದರೊಡನೆ ಏರುತಗ್ಗಿನ ಹೊಲಗಳು ಗದ್ದೆಗಳಾಗಿ ಸಮತಟ್ಟಾಗುತ್ತಿವೆ. ಒಡ್ಡಿಗೆ, ರಸ್ತೆಗೆ, ಮನೆಗೆ ಮಣ್ಣೂ ಕಲ್ಲೂ ಹೋಗುತ್ತಿವೆ. ಇಸಾಂಪುರದ ನೆಲೆ ಬೆಳಕಿಗೆ ಬಂದುದೂ ಮೇಲಿನ ಮಣ್ಣನ್ನು ಅಗೆದು ತೆಗೆದ ಮೇಲೆಯೇ. ಅಗೆತವೇ ಒಂದು ನೆಲೆಯನ್ನು ತೋರಿಸಿಕೊಟ್ಟಿತು. ನೋಡುವ ಕಣ್ಣಿಲ್ಲದ ಕಡೆ ಅದೇ ಅಗೆತ ಎಷ್ಟೋ ನೆಲೆಗಳನ್ನು ಅಳಿಸಿಬಿಡಬಲ್ಲದು. ಇದಕ್ಕೆ ಒಕ್ಕಲಿಗನನ್ನು ದೂರುವಂತಿಲ್ಲ. ನೇಗಿಲಿಗೆ ತಗುಲಿದ ಕಲ್ಲು ಯಾವುದೆಂದು ಅವನಿಗೆ ಹೇಳಿದವರಾರು?

ಹೇಳುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಹುದು. ಎರಡು ಮುಖಗಳಲ್ಲಿಯೂ ಚಕ್ಕೆ ಎದ್ದು, ಬಾದಾಮಿಯ ಬೀಜದಂತೆ ಒಂದು ತುದಿ ಚೂಪಾದ ಕಲ್ಲು ಹೊಲದಲ್ಲಿಯೋ ಹಳ್ಳದ ದಡದಲ್ಲಿಯೋ ಕಣ್ಣಿಗೆ ಬಿದ್ದರೆ ಅದನ್ನು ಒಡೆಯಬಾರದು; ಆಟಕ್ಕಾಗಲಿ ಮನೆಯಲ್ಲಿಡಲಿಕ್ಕಾಗಲಿ ಒಯ್ಯಬಾರದು. ಇದ್ದ ಸ್ಥಳವನ್ನು ಗುರುತಿಸಿ, ಬರೆದಿಟ್ಟುಕೊಂಡು, ಶಾಲೆಯ ಉಪಾಧ್ಯಾಯರಿಗೆ ತಿಳಿಸಬೇಕು. ಅವರು ಪುರಾತತ್ತ್ವ ಇಲಾಖೆಗೆ ಬರೆಯುತ್ತಾರೆ. ಜಾಗದಿಂದ ಕಿತ್ತ ಕಲ್ಲು ಬರಿಯ ಕಲ್ಲು. ಯಾವ ಮಣ್ಣಿನ ಪದರದಲ್ಲಿ, ಯಾವ ಹಲ್ಲು ಮೂಳೆಗಳ ಜೊತೆಯಲ್ಲಿ ಅದು ಇತ್ತು ಎಂಬುದು ತಿಳಿದಾಗಲೇ ಅದು ಮಾತಾಡುತ್ತದೆ. ಇಸಾಂಪುರದ ವಯಸ್ಸನ್ನು ಹೇಳಿದ್ದು ಕೊಡಲಿಯಲ್ಲ, ಅದರ ಪಕ್ಕದಲ್ಲಿದ್ದ ಹಲ್ಲು.

ಆ ಹಿರಿಯರು ಒಮ್ಮೆ ಅಳಿದರು. ಅದು ಯಾರ ಕೈಯಲ್ಲಿಯೂ ಇರಲಿಲ್ಲ. ಅವರು ಬಾಳಿದ್ದರೆಂಬ ಗುರುತು ಅಳಿಯದಂತೆ ಕಾಯುವುದು ನಮ್ಮ ಕೈಯಲ್ಲಿದೆ.

ಶಬ್ದಾರ್ಥ

ಉತ್ಖನನ – ನೆಲವನ್ನು ಕ್ರಮವಾಗಿ ಅಗೆದು ಶೋಧಿಸುವುದು
ಪಳೆಯುಳಿಕೆ – ಕಲ್ಲಾಗಿ ಮಾರ್ಪಟ್ಟ ಪ್ರಾಣಿ ಅಥವಾ ಸಸ್ಯದ ಅವಶೇಷ
ಪ್ರಭೇದ – ಒಂದೇ ಕುಲದ ಒಳಗಿನ ಒಂದು ಬಗೆ
ಸೆಲೆ – ನೀರಿನ ಬುಗ್ಗೆ
ದಾಯಾದಿ – ಒಂದೇ ಮನೆತನದ ಬೇರೆ ಶಾಖೆಯವನು
ಗೇಣು – ಹೆಬ್ಬೆರಳು ಮತ್ತು ಕಿರುಬೆರಳುಗಳನ್ನು ಚಾಚಿದಾಗ ಆಗುವ ಅಳತೆ

ಪ್ರಶ್ನೆಗಳು

1. ಮೋರ್ಯರ ಕಥೆಯಲ್ಲಿ ಅಡಗಿರುವ ಎರಡು ಕಲ್ಪನೆಗಳು ಯಾವುವು? ಅವುಗಳಲ್ಲಿ ನಿಜವಾದುದು ಯಾವುದು?
2. ಅಂದಿನ ಮಾನವರು ಇಸಾಂಪುರವನ್ನು ಆರಿಸಿಕೊಳ್ಳಲು ಕಾರಣವೇನು?
3. ಕೈಗೊಡಲಿಯನ್ನು ಮಾಡುವ ಕ್ರಮವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿ.
4. ಜ್ವಾಲಾಪುರಂನ ಬೂದಿಯ ಪದರದಿಂದ ತಿಳಿದುಬರುವುದೇನು?
5. ‘ಜಾಗದಿಂದ ಕಿತ್ತ ಕಲ್ಲು ಬರಿಯ ಕಲ್ಲು’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
6. ನಿಮ್ಮ ಊರಿನ ಹಳೆಯ ಕಲ್ಲು, ದಿಬ್ಬ, ಸಮಾಧಿಗಳ ಬಗ್ಗೆ ಹಿರಿಯರು ಹೇಳುವ ಕಥೆಗಳನ್ನು ಸಂಗ್ರಹಿಸಿ ಬರೆಯಿರಿ.